ಗಗನ

ಹಲ್ಲಿನಾಗೆ ಕಚ್ಚಬೇಕು. ಕಚ್ಚಿದ್ದೂ ಕಚ್ಚದಂಗಿರಬೇಕು,
ಕದ್ದ ಎಳೇ ಸೌತೆಕಾಯಿ ತಿಂದಂಗೆ.
ತುಟಿ ಮುಚ್ಚಬಾರದು.
ಬೆರಳು ಬಡೀಬೇಕು,
ಬಡಿದದ್ದು ಬೆರಳಿಗೇ ಗೊತ್ತಾಗಬಾರದು.
ಇಷ್ಟು ಕಲಿಯಾಕೆ ನಂಗೆ ಒಂದು ವಾರ,
ನಾಕು ಮೊರದ ಕೆಲಸ ಹಾಳು.

ಕಲಿಸಿದವನು ಪೇಗು ಅನ್ನೋ ಹುಡುಗ.
ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ
ಅಸ್ಸಾಮಿನಿಂದ ಮೂರು ಹಗಲು ಮೂರು ರಾತ್ರಿ ರೈಲಿನಾಗೆ ಕುಂತು ಬಂದವನು.
ಏಣಿ ಬೇಡ, ಬುಟ್ಟಿ ಬೇಡ,
ನಮ್ಮ ಚಪ್ಪರದ ಮುಂದೆ ಬಗ್ಗಿ
ಒಟ್ಟಿದ್ದ ಬಿದಿರು ಮೂಸಿ ನೋಡಿದ.
ಬಿದಿರು ಮೂಸೋ ಗಿರಾಕಿನ ಅವತ್ತೇ ಕಂಡಿದ್ದು ನಾನು.
ಅವನ ಹಿಂದಿ ಅರ್ಧ, ನನ್ನ ಹಿಂದಿ ಕಾಲು.
ಉಳಿದ ಕಾಲು ಮಚ್ಚು ಮಾತಾಡ್ತು.

ಒಲೆ ಮೇಲಿನ ಅಟ್ಟದಾಗೆ ಎರಡು ವರ್ಷ ಹೊಗೆ ಕುಡಿದಿದ್ದ
ಗಿಣ್ಣಿಲ್ಲದ ಗೇಣುದ್ದ ಸೀಳು, ಅವನೇ ಹುಡುಕಿ ಎಳಕಂಡ.
ಹಿಡಿಯಾಕೆ ಒಂದು ತುದಿ ಬಿಟ್ಟು
ನಡುವೆ ನಾಲಿಗೆ ಬಿಡಿಸಿದ.
ಕೆರೆದ. ಮೀಟಿದ. ತಲೆ ಆಡಿಸಿದ. ಮತ್ತೆ ಕೆರೆದ.
ಮೂವತ್ತು ವರ್ಷ ಸೀಳೀನಿ ನಾನು,
ನಂಗೆ ಸೀಳೋದಂದ್ರೆ ಏನಾರ ತುಂಬಾಕೆ:
ಮೆಣಸಿನಕಾಯಿ, ಭತ್ತ, ಸಗಣಿ, ಒಂದೊಂದ್ಸಲ ಕೂಸು.
ಇದರಾಗೆ ಏನು ತುಂಬ್ತೀಯಪ್ಪಾ ಅಂದೆ.
ಬಾಯಿ ತೆಗೆದು ತೋರಿಸಿದ.

ಹೆಸರೇನು ಅಂದೆ. ಗೊಗೊನಾ ಅಂದ.
ನಂಗೆ ಕೇಳಿದ್ದು ಗಗನ.
ಮೇಲೆ ನೋಡಿದೆ,
ಚಿಮಣಿ ಹೊಗೆ, ಕೆಂಪು ಧೂಳು, ಒಂದು ಹದ್ದು.

ಕಪ್ಪೆ ಕೊಡದಾಗೆ ಕುಂತು ಲೆಕ್ಕ ಹೇಳಿದಂಗೆ ಅದರ ದನಿ.
ಇರೋದು ಒಂದೇ.
ಊ ಅಂತ ಬಾಯಿ ಮಾಡಿದ್ರೆ ದೂರ ಹೋಗ್ತದೆ,
ಈ ಅಂದ್ರೆ ಮೂಗಿನ ತುದಿಗೆ ಬಂದು ಕುಂತಂಗೆ,
ಆ ಅಂದ್ರೆ ಬಯಲು.
ಸಾಲಿ ಮೆಟ್ಲು ಹತ್ತದ ನಂಗೆ
ಅಕ್ಷರ ಹಿಂಗೆ ದವಡೆಗೆ ಹತ್ತಿದ್ವು.
ಮಾತಿಲ್ಲ ಮತ್ತೆ, ಬರೇ ಅದರ ಆಕಾರ.

ಗಾಳೆಪ್ಪಗೆ ಕೇಳಂಗಿಲ್ಲ.
ಅದಿರು ಪುಡಿ ಮಾಡೋ ಮಿಶಿನ್ ಪಕ್ಕ ಹತ್ತೊಂಬತ್ತು ವರ್ಷ ನಿಂತ ಗಂಡ.
ನಾನು ಬೈದದ್ದೂ ಮುಟ್ಟಂಗಿಲ್ಲ, ಅದೊಂದು ಅನುಕೂಲ,
ಜೋರು ಬೈತೀನಿ.
ಅವತ್ತು ರಾತ್ರಿ ಊರಿಗೆ ಕೇಳಂಗೆ ಕೂಗಿದ:
ಏನು ಹುಚ್ಚಿ, ಬಾಯಾಗೆ ಕಡ್ಡಿ ಇಟ್ಕಂಡು!
ಒರೆಸಿ ಅವನ ಹಲ್ಲಿಗೆ ಕೊಟ್ಟೆ.
ಅವನಿಗೆ ಬಡಿಯಾಕೆ ಬರಂಗಿಲ್ಲ, ನಾನೇ ಬಡಿದೆ.
ಅವನ ಬಾಯಿ, ನನ್ನ ಬೆರಳು.

ಗಾಳೆಪ್ಪ ಕಣ್ಣು ಮುಚ್ಚಲಿಲ್ಲ. ಅಳಲಿಲ್ಲ. ಅಂಥಾದ್ದೇನಿಲ್ಲ.
ಕೈ ಮಾತ್ರ ಮೆಲ್ಲಕೆ ಮೇಲೆ ಬಂತು,
ನೆತ್ತಿ ಮುಟ್ಟಿ, ಹಣೆ ಮುಟ್ಟಿ,
ಕಳೆದ ಎಮ್ಮೆ ಹುಡುಕಿದಂಗೆ ಹುಡುಕಿ
ಕಿವಿ ಹಿಂದಿನ ಎಲುಬಿನ ಹತ್ರ ನಿಂತ್ಕಂತು.
ಇಲ್ಲೈತೆ, ಅಂದ.
ಅನ್ನಾಕೆ ಹೋಗಿ ಕಟಕ್ ಅಂತ ಕಚ್ಚಿಬಿಟ್ಟ.
ನಾಲಿಗೆ ಮುರೀತು. ಬಿದಿರಿಂದು.

ಅವತ್ತಿಂದ ಹನ್ನೊಂದು ಕೆರೆದೀನಿ ನಾನು.
ಆರು ಮೂಗವು.
ಮೂರು ಬರೇ ಉಗುಳು ಹಾರಿಸ್ತಾವೆ.
ಒಂದು ಗಾಳೆಪ್ಪನ ಅಂಗಿ ಜೇಬಿನಾಗೆ, ಬೀಡಿ ಜೊತೆ.
ಸಂಜಿ ಬಂದು ಮುಂದೆ ಕುಂತು ಬಾಯಿ ಚಾಚ್ತಾನೆ,
ಗೋಧಿ ಹಿಟ್ಟಿನ ಕೈ ತೊಳಕಂಡು ಬಡೀತೀನಿ.
ಒಂದೊಂದಿನ ಬಡಿಯಂಗಿಲ್ಲ, ಸಿಟ್ಟಿದ್ರೆ.

ಪೇಗು ಒಡಿಶಾ ಕಡೆ ಹೋದ, ಅಲ್ಲಿ ಹೊಸ ಕುಲುಮೆ ಕಟ್ತಾರಂತೆ.
ಹೋಗೋವಾಗ ಹೇಳಿದ,
ನಮ್ಮೂರ ಹುಡುಗೀರು ಇದನ್ನ ತುರುಬಿಗೆ ಸಿಗಿಸ್ತಾರೆ.
ನಂದು ನಿಂಬೆಹಣ್ಣಿನಷ್ಟು ತುರುಬು. ಆದ್ರೂ ಸಿಗಿಸೀನಿ, ಹನ್ನೊಂದನೇದು.

ಕುಡತಿನಿ ಸಂತ್ಯಾಗೆ ಮೊರ ಚೌಕಾಸಿ ಮಾಡ್ತಾ
ಒಬ್ಬಾಕಿ ಕೇಳಿದ್ಲು,
ಅದೇನಕ್ಕಾ ತಲಿಯಾಗೆ, ಹೇನು ಕೆರಿಯಾದಾ?

ಹೂಂನವ್ವಾ, ಅಂದೆ.
ಮೊರಕ್ಕೆ ನೂರಿಪ್ಪತ್ತು. ಕಮ್ಮಿ ಆಗಂಗಿಲ್ಲ.